ಬೆಂಕಿ ಹತ್ತಿದಾಗ ನಾನು ಕೂಗಿದ ಮಾತು

ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಇದನ್ನ ಬರೆದಿರೋಳು ನಾನೇ. ತಪ್ಪು ತಿದ್ದಿದ್ದು ಮೊಮ್ಮಗಳು. ಕಾಗುಣಿತ ಮಾತ್ರ ತಿದ್ದು, ಮಾತು ಮುಟ್ಟಬೇಡ ಅಂತ ಅವಳಿಗೆ ಹೇಳಿದೀನಿ. ಯಾಕಂದ್ರೆ ಇದು ಒಂದೇ ಒಂದು ಮಾತಿನ ವಿಷಯ. ಆ ಮಾತು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ, ಅಲ್ಲಿಂದ ಕಾಗದಕ್ಕೆ ಹೋಗೋಷ್ಟರಲ್ಲಿ ಬೇರೆನೇ ಆಗಿ, ಒಬ್ಬ ಮನುಷ್ಯ ಎಂಟು ತಿಂಗಳು ಸುಳ್ಳ ಅನ್ನಿಸಿಕೊಂಡ. ಅನ್ನಿಸಿದವಳು ನಾನು.

ಕುಣಿಗಲ್ ಆಚೆ, ಡ್ಯಾಮಿನ ಹಿನ್ನೀರಲ್ಲಿ ನನ್ನ ಮಗಳದ್ದೊಂದು ಬೋಟು ಇದೆ. ಫೈಬರಿಂದು. ಹದಿನಾಲ್ಕು ಜನ ಕೂರಬಹುದು. ಮೇಲೆ ನೀಲಿ ಟಾರ್ಪಾಲಿನ ಚಪ್ಪರ, ಹಿಂದುಗಡೆ ಇಂಜಿನ್ನು, ಅದರ ಕಾಲಬುಡದಲ್ಲಿ ಪೆಟ್ರೋಲ್ ಟ್ಯಾಂಕು. ವಾರದ ದಿನ ಆಚೆ ದಡದ ಊರಿನವರು ಹತ್ತುತ್ತಾರೆ, ಹಾಲಿನ ಕ್ಯಾನು, ಮೇವಿನ ಹೊರೆ, ಸ್ಕೂಲ್ ಟೀಚರು. ಭಾನುವಾರ ತುಮಕೂರಿಂದ, ಬೆಂಗಳೂರಿಂದ ಜನ ಬಂದು ನೀರು ನೋಡೋದು ಬಿಟ್ಟು ಫೋನ್ ನೋಡಿಕೊಂಡು ಒಂದು ಸುತ್ತು ಹಾಕಿಸಿಕೊಂಡು ಹೋಗ್ತಾರೆ.

ಬೋಟಿನ ಮೇಲೆ ಕೆಲಸಕ್ಕೆ ಆಗ ನಾವು ಮೂವರು. ಮಧ್ಯದಲ್ಲಿ ಮಗಳು, ಟಿಕೆಟ್ ಹರಿಯೋದು, ಜಾಕೆಟ್ ಕಟ್ಟಿಸೋದು ಅವಳ ಕೆಲಸ. ಹಿಂದೆ ಇಂಜಿನ್ ಹಿಡಿಯೋನು. ಮುಂದೆ ಬೋಟಿನ ಮೂತಿ ಹತ್ತಿರ ನಾನು. ನನ್ನ ಮುಂದೆ ಒಂದು ಸಣ್ಣ ಗ್ಯಾಸ್ ಒಲೆ, ಬಾಣಲೆ, ಮೆಣಸಿನಕಾಯಿ ಬಜ್ಜಿ.

ಬೋಟಲ್ಲಿ ಬಜ್ಜಿ ಕರೀಬಾರದು ಅಂತ ಯಾರೂ ಹೇಳಿರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತೆ. ಇಂಜಿನ್ ಹಿಡಿಯೋನೇ ಹೇಳಿದ್ದ. ಅವನು ಘಟ್ಟದ ಕೆಳಗಿನವನು, ನಲವತ್ತು ದಾಟಿದವನು, ಮೀನಿನ ಬೋಟಲ್ಲಿ ಬೆಳೆದವನು. ಅವನ ಅಕ್ಕ ಗುಬ್ಬಿಯಲ್ಲಿ ಹೋಟ್ಲು ಇಟ್ಟುಕೊಂಡು ಬಹಳ ವರ್ಷ ಆಯ್ತು. ಅಕ್ಕನ್ನ ನೋಡೋಕೆ ಬಂದವನು ಈ ಕಡೆಯೇ ನಿಂತುಬಿಟ್ಟ.

"ಅಮ್ಮ, ಬೋಟಿನ ಮೇಲೆ ಎಣ್ಣೆ ಇಡುದು ಬೇಡ ಮಾರಾಯ್ರೆ. ನಮ್ಮಲ್ಲಿ ಅನ್ನ ಬೇಯಿಸ್ತಾರೆ, ಸಾರು ಮಾಡ್ತಾರೆ. ಎಣ್ಣೆ ಮಾತ್ರ ಕಾಯಿಸುದಿಲ್ಲ" ಅಂದ ಒಂದು ದಿನ.

"ನಿಮ್ಮೂರಲ್ಲಿರೋದು ಸಮುದ್ರ ಕಣಪ್ಪ. ಇದು ತಟ್ಟೆಯಲ್ಲಿರೋ ನೀರು. ಸುಮ್ನೆ ಬಜ್ಜಿ ತಿನ್ನು" ಅಂದೆ.

ತಿಂದ. ನನ್ನ ಕೈಲಿ ಬಜ್ಜಿ ಬೇಡ ಅಂದೋರು ಕಮ್ಮಿ.

ಅವತ್ತು ಭಾನುವಾರ, ಮಧ್ಯಾಹ್ನ ಮೂರು ಗಂಟೆ ಸುಮಾರು. ಬೋಟಲ್ಲಿ ಹನ್ನೊಂದು ಜನ ಇದ್ದರು. ನೀರಿನ ನಡುಮಧ್ಯೆ ಇನ್ನೊಂದು ಬೋಟು ಪಕ್ಕದಲ್ಲಿ ಜೋರಾಗಿ ಹಾದುಹೋಯ್ತು. ಅದು ಎಬ್ಬಿಸಿದ ಅಲೆ ನಮ್ಮ ಬೋಟಿಗೆ ಬಡಿದು ಬಾಣಲೆ ವಾಲಿತು. ಕಾದ ಎಣ್ಣೆ ಒಲೆಯ ಮೇಲೆ ಸುರೀತು. ಭಗ್ ಅಂತು. ಕೂತಿದ್ದ ನನ್ನ ಎದೆಮಟ್ಟಕ್ಕೆ ಬೆಂಕಿ ಎದ್ದಿತ್ತು.

ನಾನು ಹಿಂದಕ್ಕೆ ತಿರುಗಿ ಇಂಜಿನ್ ಹಿಡಿದಿದ್ದವನ ಕಡೆ ಕೂಗಿದೆ. ಒಂದು ಸಲ ಅಲ್ಲ, ಮೂರ್ನಾಲ್ಕು ಸಲ. ಕೂಗಿದ ತಕ್ಷಣ ಬೋಟು ನಿಧಾನ ಆಗಬೇಕಿತ್ತಲ್ಲ? ಆಗಲಿಲ್ಲ. ಹಗ್ಗ ಕಿತ್ತ ಹೋರಿ ಥರ ಮುಂದಕ್ಕೆ ಚಿಮ್ಮಿತು. ಎದುರಿಂದ ಗಾಳಿ ಹೊಡೀತು. ಅಲ್ಲಿವರೆಗೂ ನೆಟ್ಟಗೆ ನಿಂತಿದ್ದ ಬೆಂಕಿ ಮಲಗಿಕೊಂಡು ಟಾರ್ಪಾಲಿನ ಅಡಿಯಲ್ಲೇ ಜನ ಕೂತಿದ್ದ ಕಡೆಗೆ ಹರೀತು. ಟಾರ್ಪಾಲು ಕರಗಿ ಉರಿಯೋ ಹನಿ ತೊಟ್ಟಿಕ್ಕೋಕೆ ಶುರುವಾಯ್ತು. ಜನ ಎಲ್ಲ ಹಿಂದಕ್ಕೆ ನುಗ್ಗಿದರು. ಹಿಂದೆ ಪೆಟ್ರೋಲು.

ನನ್ನ ಕೈಯಲ್ಲಿ ನೀರಿನ ಚೊಂಬು ಬಂದಿತ್ತು. ಯಾವಾಗ ಎತ್ತಿಕೊಂಡೆನೋ ಗೊತ್ತಿಲ್ಲ. ನಾನು ಎರಚೋದಕ್ಕೆ ಮುಂಚೆ ಮಗಳು ನನ್ನ ಪಕ್ಕಕ್ಕೆ ತಳ್ಳಿ, ಕಾಲೊರೆಸೋಕೆ ಹಾಕಿದ್ದ ಒದ್ದೆ ಗೋಣಿಚೀಲ ಎರಡನ್ನೂ ಬಾಣಲೆ ಮೇಲೆ ಕವುಚಿದಳು. ಕೈ ಹಾಕಿ ಗ್ಯಾಸ್ ತಿರುಗಿಸಿದಳು. ಆಗಲೇ ಅವಳ ಎಡಗೈ ಮೇಲೆ ಟಾರ್ಪಾಲಿನ ಹನಿ ಬಿದ್ದು ಅಂಟಿಕೊಂಡಿತ್ತು. ಅವಳು ಕಿರುಚಿದ್ದು ಕೇಳಿಯೇ ಇಂಜಿನ್ ನಿಂತದ್ದು.

ಯಾರೂ ಸಾಯಲಿಲ್ಲ. ಹನ್ನೊಂದು ಜನರೂ ದಡಕ್ಕೆ ಇಳಿದರು. ಮಗಳ ಕೈ ಮಾತ್ರ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಲಿದುಹೋಗಿತ್ತು. ಈಗ ಆ ಕೈಗೆ ಅವಳು ಬಳೆ ಹಾಕಲ್ಲ. ಮುಟ್ಟಿದರೆ ಚರ್ಮ ಎಳೆಯುತ್ತೆ ಅಂತಾಳೆ.

ದಡದಲ್ಲಿ ಜನ ಸೇರಿದ್ದರು. ಮಗಳನ್ನ ಯಾರೋ ಕಾರಲ್ಲಿ ಕೂರಿಸಿಕೊಂಡರು. ನಾನು ಕಾರು ಹತ್ತೋದಕ್ಕೆ ಮುಂಚೆ ಅವನ ಹತ್ತಿರ ಹೋದೆ.

"ಯಾಕ್ಲಾ ರೈಸ್ ಮಾಡ್ದೆ?"

ಅವನ ಮುಖ ಬಿಳಿಚಿಕೊಂಡಿತ್ತು. "ನೀವೇ ಹೇಳಿದ್ರಲ್ಲ ಅಮ್ಮ."

"ನಾನ್ ಏನ್ ಹೇಳ್ದೆ?"

"ಜೋರು ಬಿಡು ಅಂದ್ರಿ. ಬೇಗ ದಡಕ್ಕೆ ಹೋಗ್ಲಿ ಅಂತ ಹೇಳಿದ್ದು ಅಂತ ನಾನು..."

"ಜೋರು ಅನ್ನೋ ಮಾತು ನನ್ನ ಬಾಯಲ್ಲಿ ಬಂದಿದ್ರೆ ನನ್ನ ನಾಲಿಗೆ ಸೇದೋಗ್ಲಿ! ಸುಳ್ಳ ಕಣಲಾ ನೀನು! ನನ್ನ ಮಗಳ ಕೈ ಸುಟ್ಟು ಈಗ ನನ್ ಮೇಲೆ ಹಾಕ್ತೀಯಾ?"

ಅಷ್ಟು ಜನರ ಮುಂದೆ ಅಂದೆ. ಕೆಲವರು ಫೋನಲ್ಲಿ ಹಿಡಿದುಕೊಂಡರು.

ಎರಡು ದಿನ ಬಿಟ್ಟು, ಬೋಟಿಗೆ ಪರ್ಮಿಟ್ ಕೊಡೋ ಕುಣಿಗಲ್ಲಿನ ಕಚೇರಿಗೆ ಕರೆಸಿದರು, ಹೇಳಿಕೆ ಬರೆಸೋಕೆ. ಗುಮಾಸ್ತರು ಪೆನ್ನು ಹಿಡಿದು ಕೇಳಿದರು, "ಏನಂತ ಕೂಗಿದ್ರಿ ಅಜ್ಜಿ?"

"ಬೆಂಕಿ ಹತ್ತಿದಾಗ ಏನಂತ ಕೂಗ್ತಾರೆ ಸ್ವಾಮಿ? ಅದನ್ನೇ ಕೂಗ್ದೆ."

ಅವರು ಬರೆದುಕೊಂಡು ಓದಿ ಹೇಳಿದರು: "ಬೆಂಕಿಯನ್ನು ನಂದಿಸು ಎಂದು ಹಲವು ಬಾರಿ ಕೂಗಿದೆ. ಆದರೂ ಚಾಲಕನು ದೋಣಿಯ ವೇಗವನ್ನು ಹೆಚ್ಚಿಸಿದನು." ಸರಿಯಾ ಅಂದರು. ಸರಿ ಅಂದೆ. ಸೈನ್ ಹಾಕೋದು ಬರುತ್ತೆ ನನಗೆ, ಹಾಕಿದೆ.

ಅವನು ಬಾಗಿಲ ಹತ್ತಿರ ನಿಂತಿದ್ದ. "ಅಮ್ಮ, ಒಂದು ಸಲ ಯೋಚನೆ ಮಾಡಿ ಹೇಳಿ" ಅಂದ. "ಯೋಚ್ನೆ ಮಾಡೋಕೆ ಏನೈತೆ" ಅಂದು ಎದ್ದುಬಂದೆ. ಬೋಟು ನಡೆಸೋ ಅವನ ಲೈಸೆನ್ಸ್ ಅಲ್ಲೇ ತೆಗೆದಿಟ್ಟುಕೊಂಡರು. ಅವನು ಗುಬ್ಬಿಗೆ, ಅಕ್ಕನ ಹೋಟ್ಲಿಗೆ ಹೋದ. ನನಗೆ ಏನೂ ಅನ್ನಿಸಲಿಲ್ಲ. ನಾನು ಸುಳ್ಳು ಹೇಳಿರಲಿಲ್ಲವಲ್ಲ.

ಬೋಟು ಎಂಟು ತಿಂಗಳು ದಡದಲ್ಲೇ ಬಿದ್ದಿತ್ತು. ಆಮೇಲೆ ಒಂದು ನೋಟೀಸು ಬಂತು. ಬೋಟಿನ ಮೇಲೆ ಕೆಲಸ ಮಾಡೋರೆಲ್ಲ ತುಮಕೂರಿಗೆ ಹೋಗಿ ಒಂದು ದಿನದ ಬೆಂಕಿ ಟ್ರೈನಿಂಗ್ ಮಾಡಿಕೊಂಡು ಬರಬೇಕು, ಸರ್ಟಿಫಿಕೇಟ್ ಇಲ್ಲದೆ ಬೋಟು ನೀರಿಗಿಳಿಸೋ ಹಂಗಿಲ್ಲ ಅಂತ. ನೀನು ಬರೋದು ಬೇಡ, ನಿನ್ನ ಹೆಸರು ತೆಗೆಸ್ತೀನಿ ಅಂದಳು ಮಗಳು. ನಾನು ಬಿಡಲಿಲ್ಲ.

ಟ್ರೈನಿಂಗ್ ಇದ್ದದ್ದು ತುಮಕೂರಲ್ಲಿ ಒಂದು ಮೈದಾನದಲ್ಲಿ. ಶಾಮಿಯಾನ ಹಾಕಿ, ಪ್ಲಾಸ್ಟಿಕ್ ಕುರ್ಚಿ ಇಟ್ಟು, ಉಪ್ಪಿಟ್ಟು ಕೊಟ್ಟರು. ಸುತ್ತಮುತ್ತ ಕೆರೆ, ಡ್ಯಾಮುಗಳಲ್ಲಿ ಬೋಟು ನಡೆಸೋರು ಮೂವತ್ತು ಜನ ಬಂದಿದ್ದರು. ಹೆಂಗಸರು ನಾವಿಬ್ಬರೇ. ಕಲಿಸೋಕೆ ಬಂದವರು ಬೆಂಕಿ ಇಲಾಖೆಯಿಂದ ರಿಟೈರ್ ಆದವರು, ಗಿಡ್ಡ ಆಳು, ದಪ್ಪ ಮೀಸೆ. ನನ್ನ ನೋಡಿದ್ದೇ ಅಂದರು:

"ಅಜ್ಜಿ, ನೀವ್ಯಾಕೆ ಬಂದ್ರಿ? ಮಗಳ ಜೊತೆಗಾ?"

"ಇಲ್ಲ ಸಾರ್. ಬೋಟು ಮಗಳದ್ದು, ಬೆಂಕಿ ನಂದು."

ಎಲ್ಲ ನಕ್ಕರು. ಅವರು ನಗಲಿಲ್ಲ. ನಮ್ಮ ವಿಷಯ ಗೊತ್ತಿತ್ತು ಅಂತ ಕಾಣುತ್ತೆ.

"ಬೋಟಲ್ಲಿ ಬೆಂಕಿ ಬಿದ್ರೆ ಮೊದ್ಲು ಏನ್ ಮಾಡ್ತೀರಾ?" ಅಂತ ಕೇಳಿದರು.

"ನೀರಿಗೆ ಹಾರ್ತೀವಿ ಸಾರ್" ಅಂದ ಒಬ್ಬ.

"ಪ್ಯಾಸೆಂಜರು?"

"ಅವ್ರೂ ಹಾರ್ಲಿ. ಟಿಕೆಟ್ ತಗೊಂಡಿದಾರಲ್ಲ."

"ಈಜು ಬರ್ದೇ ಇದ್ರೆ?"

ಸಾಹೇಬರು ಹೇಳಿದರು, "ನೆಲದ ಮೇಲೆ ಬೆಂಕಿ ಬಿದ್ರೆ ಓಡಿಹೋಗಬಹುದು. ಬೋಟಲ್ಲಿ ಓಡೋಕೆ ಜಾಗ ಎಲ್ಲಿದೆ? ಅದಕ್ಕೇ ಮೊದ್ಲು ಇಂಜಿನ್ ನಿಲ್ಲಿಸಬೇಕು. ಗಾಳಿ ಇಲ್ಲದ ದಿನಾನೂ ಬೋಟು ಓಡಿದ್ರೆ ಗಾಳಿ ಹುಟ್ಟುತ್ತೆ. ಮುಂದೆ ಹತ್ತಿದ ಬೆಂಕಿನ ನೀವೇ ಊದಿ ಊದಿ ಜನರ ಮೇಲೆ ಕಳಿಸಿದ ಹಾಗಾಗುತ್ತೆ. ಇಂಜಿನ್ ನಿಲ್ಲಿಸಿ, ಗಾಳಿ ಬೆಂಕಿನ ಜನರಿಂದ ಆಚೆಗೆ ತಳ್ಳೋ ಹಾಗೆ ಹುಟ್ಟು ಹಾಕಿ ಬೋಟು ತಿರುಗಿಸಿ, ಆಮೇಲೆ ಪುಡಿ ಹೊಡೆಯೋ ಸಿಲಿಂಡರ್."

ನಾನು ಮೊಣಕೈಯಲ್ಲಿ ಮಗಳನ್ನ ತಿವಿದೆ. "ಕೇಳಿಸ್ತಾ? ಆ ಸಮುದ್ರದೋನು ಇದನ್ನೇ ಮಾಡಿದ್ದು. ಊದಿ ಊದಿ ಕಳಿಸ್ದ."

"ಸುಮ್ನಿರಮ್ಮ" ಅಂದಳು.

ಆಮೇಲೆ ಒಂದು ಕಬ್ಬಿಣದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಬೆಂಕಿ ಹತ್ತಿಸಿದರು. ಎಲ್ಲರನ್ನೂ ದೂರ ನಿಲ್ಲಿಸಿ, ಉದ್ದನೆ ಕೋಲಿನ ತುದಿಗೆ ಒಂದು ಲೋಟ ಕಟ್ಟಿ, ಅದರಲ್ಲಿ ನೀರು ತುಂಬಿ, ಬಾಣಲೆಗೆ ಬಗ್ಗಿಸಿದರು. ಒಂದೇ ಲೋಟ. ತೆಂಗಿನಮರದ ಎತ್ತರಕ್ಕೆ ಬೆಂಕಿ ಎದ್ದು ಉಂಡೆ ಕಟ್ಟಿಕೊಂಡು ಮೇಲಕ್ಕೆ ಹೋಯ್ತು. ಅಷ್ಟು ದೂರ ನಿಂತಿದ್ದರೂ ಕೆನ್ನೆಗೆ ಬಿಸಿ ಹೊಡೀತು. ನಾನು ಇದ್ದಲ್ಲೇ ಕೂತುಬಿಟ್ಟೆ. ಅವತ್ತು ನನ್ನ ಕೈಲಿದ್ದದ್ದು ಲೋಟ ಅಲ್ಲ, ಚೊಂಬು. ಅರವತ್ತು ವರ್ಷ ಒಲೆ ಮುಂದೆ ಕೂತವಳಿಗೆ ಇಷ್ಟು ಗೊತ್ತಿರಲಿಲ್ಲ. ಮಗಳು ನನ್ನ ತಳ್ಳದೆ ಇದ್ದಿದ್ದರೆ ನಾವು ಹದಿನಾಲ್ಕು ಜನ ಏನಾಗ್ತಿದ್ದೆವು ಅಂತ ನಾನು ಇಲ್ಲಿ ಬರೆಯಲ್ಲ.

ಇದು ಮೊದಲನೇ ಏಟು. ಇದಕ್ಕಿಂತ ದೊಡ್ಡದು ಊಟ ಆದಮೇಲೆ ಬಿತ್ತು.

ಊಟದ ನಂತರ ಪ್ರಾಕ್ಟೀಸು. ಮೈದಾನದ ನಡುವೆ ಒಂದು ಹಳೇ ಬೋಟು ತಂದು ಇಟ್ಟಿದ್ದರು. ಹಿಂದೆ ಸುಮ್ಮನೆ ತೋರಿಕೆಗೆ ಒಂದು ಇಂಜಿನ್ನು, ಮುಂದೆ ಒಂದು ಡಬ್ಬದಲ್ಲಿ ಡೀಸೆಲ್. ಮೂರು ಮೂರು ಜನರ ತಂಡ ಮಾಡಿದರು. ಮುಂದೆ ನಿಂತವರು ಬೆಂಕಿ ಕಂಡ ಕೂಡಲೇ ಕೂಗಬೇಕು. ಹಿಂದಿನವರು ಇಂಜಿನ್ ನಿಲ್ಲಿಸಬೇಕು. ಮಧ್ಯದವರು ಕೆಂಪು ಸಿಲಿಂಡರಿನ ಪಿನ್ನು ಕಿತ್ತು, ಬೆಂಕಿಯ ಬುಡಕ್ಕೆ ಹಿಡಿದು, ಆ ಕಡೆ ಈ ಕಡೆ ಗುಡಿಸೋ ಹಾಗೆ ಹೊಡೆಯಬೇಕು. ನಾನು ಮುಂದೆ, ಮಗಳು ಮಧ್ಯೆ. ನಮ್ಮ ಜೊತೆಗೆ ಇಂಜಿನ್ನಿಗೆ ಬೆಂಗಳೂರಿನ ಕಡೆಯ ಕೆರೆಯಲ್ಲಿ ಬೋಟು ನಡೆಸೋ ಒಬ್ಬ ಗಂಡಸನ್ನ ಹಾಕಿದರು. ಸಾಹೇಬರ ಜೊತೆಗಿದ್ದವರು ಎಲ್ಲವನ್ನೂ ಫೋನಲ್ಲಿ ವಿಡಿಯೋ ಮಾಡ್ತಿದ್ದರು.

ಸೀಟಿ ಊದಿದರು. ಡಬ್ಬ ಭಗ್ ಅಂತು. ನಾಟಕ ಅಂತ ಗೊತ್ತಿತ್ತು, ಆದರೂ ಅದೇ ಶಬ್ದ ಅಲ್ಲವಾ? ಹಿಂದಕ್ಕೆ ತಿರುಗಿ ಕೂಗಿದೆ. ಮಗಳು ಪಿನ್ನು ಕಿತ್ತು ಬುಸ್ ಅಂತ ಹೊಡೆದಳು. ಬಿಳೀ ಪುಡಿ, ಹೊಗೆ, ಬೆಂಕಿ ಹೋಯ್ತು. ಎಲ್ಲ ಚಪ್ಪಾಳೆ ತಟ್ಟಿದರು.

ಸಾಹೇಬರು ಮಾತ್ರ ಇಂಜಿನ್ ಹತ್ತಿರ ಹೋಗಿ ನಿಂತರು. "ಏನಪ್ಪಾ, ನಿಲ್ಲಿಸು ಅಂದ್ರೆ ಹಿಡಿ ತಿರುಗಿಸಿ ಫುಲ್ ರೈಸ್ ಕೊಟ್ಟಿದೀಯಲ್ಲ?"

"ಅಜ್ಜಿನೇ ಅಂದಿದ್ದು ಸಾರ್, ದೊಡ್ಡದು ಮಾಡು ದೊಡ್ಡದು ಮಾಡು ಅಂತ. ಓ, ಸ್ಪೀಡ್ ಜಾಸ್ತಿ ಮಾಡ್ಬೇಕೇನೋ ಅಂತ ಕೊಟ್ಟೆ."

"ನಾನೆಲ್ಲಿ ಅಂದೆ?" ಅಂದೆ. ಜೋರಾಗೇ ಅಂದೆ. "ನಿಮ್ಮ ಗಂಡಸರಿಗೆಲ್ಲ ಒಂದೇ ಚಾಳಿ ಏನಪ್ಪಾ? ತಾವು ಮಾಡೋದು, ಆಮೇಲೆ ಮುದುಕಿ ಮೇಲೆ ಹಾಕೋದು?"

"ಜಗಳ ಯಾಕೆ ಅಜ್ಜಿ, ವಿಡಿಯೋ ಇದೆಯಲ್ಲ" ಅಂದರು ಸಾಹೇಬರು. ಫೋನ್ ತರಿಸಿ ನನ್ನ ಮುಂದೆ ಹಿಡಿದರು.

ನೋಡಿದೆ. ಅಲ್ಲಿ ಒಬ್ಬಳು ಮುದುಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ. ಬೆಂಕಿ ಏಳ್ತಿದ್ದಂಗೆ ಹಿಂದಕ್ಕೆ ತಿರುಗಿ, ಎರಡೂ ಕೈ ಬೀಸ್ತಾ, ಗಂಟಲು ಕಿತ್ತುಕೊಂಡು ಕೂಗ್ತಿದ್ದಾಳೆ: "ದೊಡ್ಡದ್ ಮಾಡ್ಲಾ! ದೊಡ್ಡದ್ ಮಾಡು! ದೊಡ್ಡದ್ ಮಾಡು!"

ಎಲ್ಲ ಬಿದ್ದು ಬಿದ್ದು ನಕ್ಕರು. "ಬೆಂಕಿ ಸಾಲ್ದಾ ಅಜ್ಜಿ ನಿಮ್ಗೆ?" ಅಂದ ಒಬ್ಬ. "ಬಜ್ಜಿ ಬೇಯೋಕೆ ಇನ್ನೂ ಸ್ವಲ್ಪ ಬೇಕಂತೆ" ಅಂದ ಇನ್ನೊಬ್ಬ.

ವಿಡಿಯೋ ಇನ್ನೊಂದು ಸಲ ಹಾಕಿಸಿ ನೋಡಿದೆ. ಅದೇ ಮಾತು.

ಓದೋರಿಗೆ ಗೊತ್ತಿಲ್ಲದೆ ಇರಬಹುದು, ಹೇಳಿಬಿಡ್ತೀನಿ. ನಮ್ಮ ಮನೆಯಲ್ಲಿ ದೀಪಕ್ಕೆ ಆ ಇನ್ನೊಂದು ಮಾತು ಆಡಲ್ಲ. ಗಾಳಿಗೆ ತಾನಾಗೇ ಹೋದರೂ ಆ ಮಾತು ಆಡಬಾರದು, ಅಪಶಕುನ. ದೀಪ ತೆಗೀಬೇಕು ಅಂದ್ರೆ "ದೊಡ್ಡದು ಮಾಡು" ಅನ್ನಬೇಕು. ಮದುವೆಯಾಗಿ ಬಂದ ಹೊಸದರಲ್ಲಿ "ದೀಪ ಆರಿಸ್ಲಾ ಅತ್ತೆ" ಅಂತ ಕೇಳಿದ್ದಕ್ಕೆ ನಮ್ಮತ್ತೆ ಮೂರು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು. ಆಮೇಲೆ ನನ್ನ ಬಾಯಿಗೆ ಆ ಮಾತು ಬಂದದ್ದೇ ಇಲ್ಲ. ದೇವರ ಮುಂದಿನ ದೀಪ, ಲಾಟೀನು, ಕರೆಂಟು ಬಲ್ಬು, ಒಲೆ, ಎಲ್ಲಕ್ಕೂ ಅದೇ. ಮಗಳೂ ಅದನ್ನೇ ಕೇಳಿ ಬೆಳೆದವಳು.

ಸಾಹೇಬರಿಗೆ ಇಷ್ಟನ್ನೂ ಹೇಳಿದೆ. ಹಿಂದಿನ ಸಾಲಿಂದ ಒಬ್ಬ ಮುದುಕಪ್ಪ, "ಹೌದು ಸಾರ್, ನಮ್ಮನೇಲೂ ಹಂಗೇ ಅಂತಾರೆ" ಅಂದ. ನಗು ನಿಂತಿತು.

"ಬೋಟಲ್ಲಿ ಎಲ್ರೂ ಒಂದೇ ಮನೆಯವರು ಇರಲ್ಲ ಅಜ್ಜಿ" ಅಂದರು ಸಾಹೇಬರು. ಬೈಯಲಿಲ್ಲ. "ಇಂಜಿನ್ ಆಫ್ ಅಂತ ಕೂಗಿ. ಅದು ಎಲ್ರಿಗೂ ತಿಳಿಯುತ್ತೆ. ಇಂಗ್ಲಿಷಿಗೆ ದೋಷ ಇಲ್ಲ."

ಇನ್ನೊಂದು ಸಲ ಡಬ್ಬ ಹತ್ತಿಸಿದರು. "ಇಂಜಿನ್ ಆಫ್" ಅಂತ ಕೂಗಿದೆ. ಪಾಸಾದೆ. ಸರ್ಟಿಫಿಕೇಟು ಕೊಟ್ಟರು. ಅದನ್ನ ಮಡಚಿ ಚೀಲಕ್ಕೆ ಹಾಕಿಕೊಂಡೆ, ಫೋಟೋ ತೆಗೆಯೋಕೆ ಕರೆದರೂ ಹೋಗಲಿಲ್ಲ.

ಕುಣಿಗಲ್ ಬಸ್ಸಲ್ಲಿ ಕೂತಮೇಲೆ ಮಗಳನ್ನ ಕೇಳಿದೆ. "ಅವತ್ತು ನಾನು ಏನಂತ ಕೂಗ್ದೆ?"

"ಬೆಂಕಿ ಆರ್ಸು ಅಂತ ಕೂಗ್ದೆ."

"ಆ ಮಾತು ನನ್ನ ಬಾಯಲ್ಲಿ ಬಂತಾ? ನೆನಪು ಮಾಡ್ಕೊಂಡು ಹೇಳು."

ಅವಳು ಕಿಟಕಿ ಕಡೆ ನೋಡ್ತಾ ಕೂತಳು. ಸುಟ್ಟ ಕೈಯನ್ನ ಇನ್ನೊಂದು ಕೈಯಲ್ಲಿ ಸವರಿಕೊಳ್ತಿದ್ದಳು. ಇದ್ದಕ್ಕಿದ್ದಂತೆ ಆ ಕೈ ನಿಂತಿತು.

"ಇಲ್ಲ ಕಣಮ್ಮ" ಅಂದಳು. "ದೊಡ್ಡದು ಮಾಡು ಅಂದೆ. ನಂಗೆ... ನಂಗೆ ಅದು ಆರ್ಸು ಅಂತಲೇ ಕೇಳ್ಸಿದ್ದು."

ಊರಲ್ಲಿ ಬಸ್ಸಿಳಿದ ಕೂಡಲೇ ಗುಬ್ಬಿ ಸಂತೆ ಯಾವತ್ತು ಅಂತ ಕೇಳಿದೆ.

ಸಂತೆ ದಿನ ನೋಡಿಕೊಂಡು ಗುಬ್ಬಿಗೆ ಹೋದೆ. ಬೇಕಂತಲೇ ಸಂತೆ ದಿನ ಹೋದದ್ದು. ಅವನನ್ನ ಸುಳ್ಳ ಅಂದದ್ದು ಜನರ ಮುಂದೆ, ಅಲ್ಲ ಅನ್ನೋದೂ ಜನರ ಮುಂದೆಯೇ ಆಗಬೇಕು. ಅವನ ಅಕ್ಕನ ಹೋಟ್ಲಲ್ಲಿ ತೆಂಗಿನಕಾಯಿ ಮಾರೋಕೆ ಬಂದವರು, ಕೊಬ್ಬರಿ ತಂದವರು, ನಿಲ್ಲೋಕೆ ಜಾಗ ಇರಲಿಲ್ಲ. ಅವನು ಟೇಬಲ್ ಹತ್ತಿರ ನಿಂತು ಒಬ್ಬ ಗಿರಾಕಿಯನ್ನ ಕೇಳ್ತಿದ್ದ.

"ಎರಡು ಇಡ್ಲಿ, ಒಂದು ವಡೆ?"

"ಹೂಂ."

"ಎರಡು ಇಡ್ಲಿ, ಒಂದು ವಡೆ ಅಲ್ವಾ?"

"ಎಷ್ಟು ಸಲ ಹೇಳ್ಬೇಕಯ್ಯ ನಿಂಗೆ? ಕಿವುಡಾ?" ಅಂದ ಗಿರಾಕಿ.

ಅವನು ತಲೆ ಬಗ್ಗಿಸಿಕೊಂಡು ತಿರುಗಿದ, ನನ್ನ ನೋಡಿದ. ಮುಖದಲ್ಲಿ ಸಿಟ್ಟೂ ಇಲ್ಲ, ಏನೂ ಇಲ್ಲ.

"ಕಾಫಿಯಾ ಅಮ್ಮ?"

"ಕಾಫಿಗೆ ಬಂದಿಲ್ಲ."

"ಮತ್ತೆ ಎಂತಕ್ಕೆ ಬಂದ್ರಿ?"

"ನೀನು ಸುಳ್ಳ ಅಲ್ಲ ಅಂತ ಹೇಳೋಕೆ ಬಂದೆ" ಅಂದೆ. ಹೋಟ್ಲಿಗೆಲ್ಲ ಕೇಳೋ ಹಾಗೆ ಅಂದೆ. ತಿಂತಿದ್ದ ಕೈಗಳು ನಿಂತವು. "ಅವತ್ತು ನಾನು ದೊಡ್ಡದು ಮಾಡು ಅಂತ ಕೂಗ್ದೆ. ನಮ್ಮನೇಲಿ ಹಂಗಂದ್ರೆ ಬೆಂಕಿ ತೆಗಿ ಅಂತ. ನಿಂಗೆ ಅದು ಗೊತ್ತಿಲ್ಲ. ತಪ್ಪು ನಂದು."

ಅವನು ಕೈಲಿದ್ದ ತಟ್ಟೆ ಕೆಳಗಿಟ್ಟ. ಕೈ ತೊಳೆಯೋ ಕಟ್ಟೆ ಮೇಲೆ ಕೂತುಬಿಟ್ಟ.

"ದೊಡ್ಡದು ಮಾಡು" ಅಂತ ತನಗೆ ತಾನೇ ಹೇಳಿಕೊಂಡ. "ಹೌದು. ಅದೇ ಮಾತು. ಅದೇ."

"ಜೋರು ಬಿಡು ಅಂದ್ರಿ ಅಂತ ಅಂದೆಯಲ್ಲಪ್ಪ ನೀನು? ಅದಕ್ಕೇ ನಂಗೆ ಹೊಳೀಲಿಲ್ಲ."

"ಇಂಜಿನ್ ಹಿಡ್ಕೊಂಡು ಕೂತವನಿಗೆ ದೊಡ್ಡದು ಮಾಡು ಅಂದ್ರೆ ಬೇರೆ ಎಂತ ಅರ್ಥ ಅಮ್ಮ? ಜೋರು ಬಿಡು ಅಂತಲೇ ಅಲ್ವಾ?"

ಗಲ್ಲಾದಲ್ಲಿ ಕೂತಿದ್ದ ಅವನ ಅಕ್ಕ ಎದ್ದು ಬಂದಳು. ದಪ್ಪ ಹೆಂಗಸು, ಕಣ್ಣು ಕೆಂಪಗಾಗಿತ್ತು. "ಈಗ ಬಂದ್ರಾ ಹೇಳ್ಲಿಕ್ಕೆ? ಎಂಟು ತಿಂಗಳು ಆಯ್ತು! ಇವ ತುಮಕೂರಿಗೆ ಹೋಗಿ ಕಿವಿ ತೋರಿಸ್ಕೊಂಡು ಬಂದ, ಗೊತ್ತುಂಟಾ ನಿಮ್ಗೆ?"

"ಕಿವಿಯಾ?" ಅಂದೆ.

"ಹೌದಮ್ಮ" ಅಂದ ಅವನು, ನೆಲ ನೋಡ್ತಾ. "ಮಿಷನ್ನು ಹಾಕಿ ನೋಡಿದ್ರು ಡಾಕ್ಟ್ರು. ಕಿವಿ ಸರಿ ಉಂಟು ಅಂದ್ರು. ಕಿವಿ ಸರಿ ಇದ್ರೆ ಮತ್ತೆ ತಲೆ ಸರಿ ಇಲ್ಲ ಅಂತ ಆಯ್ತಲ್ಲ? ನೀವು ಹೇಳದೆ ಇದ್ದದ್ದನ್ನು ನಾನೇ ಹುಟ್ಟಿಸಿಕೊಂಡೆ ಅಂತ ಆಯ್ತಲ್ಲ? ಅಲ್ಲಿಂದ ಈಚೆ ಯಾರು ಎಂತ ಹೇಳಿದ್ರೂ ಎರಡು ಸಲ ಕೇಳ್ತೇನೆ."

ನಾನು ಸುಮಾರು ಸಾವು ನೋಡಿದೀನಿ, ಗಂಡನದ್ದೂ ಸೇರಿ. ಸುಲಭಕ್ಕೆ ಅಲುಗಾಡೋಳಲ್ಲ. ಅವತ್ತು ಆ ಹೋಟ್ಲಲ್ಲಿ ಅಲುಗಾಡಿದೆ. ನಾನು ಅವನ ಕೆಲಸ ಕಿತ್ತುಕೊಂಡೆ ಅಂತಷ್ಟೇ ಅಂದುಕೊಂಡು ಬಂದಿದ್ದೆ. ಅವನ ಕಿವಿಯ ಮೇಲಿನ ನಂಬಿಕೆಯನ್ನೇ ಕಿತ್ತುಕೊಂಡಿದ್ದೆ.

"ಬಾಯಲ್ಲಿ ಹೇಳಿದ್ದು ಸಾಲುದಿಲ್ಲ ಅಮ್ಮ. ನೀವು ಸೈನ್ ಹಾಕಿದ ಕಾಗದ ಅಲ್ಲೇ ಉಂಟು" ಅಂದ ಅವನು.

"ಅದಕ್ಕೇ ಬಂದಿದೀನಿ. ನಾಳೆ ಬೆಳಗ್ಗೆ ಕುಣಿಗಲ್ಲಿಗೆ ಬಾ."

ಬಂದ. ಅದೇ ಕಚೇರಿ, ಅದೇ ಗುಮಾಸ್ತರು. ಫೈಲು ಹುಡುಕೋಕೇ ಒಂದು ಗಂಟೆ ಹಿಡೀತು. ನಾನು ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಅಜ್ಜಿ, ಈಗ ಬದಲಾಯಿಸಿದ್ರೆ ಎಲ್ಲ ನಿಮ್ಮ ಮೇಲೆ ಬರುತ್ತೆ. ಬೋಟಲ್ಲಿ ಒಲೆ ಇಟ್ಟಿದ್ದೂ ನೀವೇ, ತಪ್ಪು ಕೂಗಿದ್ದೂ ನೀವೇ ಅಂತಾಗುತ್ತೆ. ಬೋಟಿನ ಕೆಲಸದಿಂದ ನಿಮ್ಮ ಹೆಸರು ತೆಗೀತಾರೆ. ಯೋಚ್ನೆ ಮಾಡಿ."

"ಹೋದ ಸಲ ಯೋಚ್ನೆ ಮಾಡು ಅಂದಾಗ ಮಾಡ್ಲಿಲ್ಲ ಸ್ವಾಮಿ. ಈ ಸಲ ಮಾಡ್ಕೊಂಡೇ ಬಂದಿದೀನಿ. ಬರೀರಿ."

ಅವರು ಬರೆದು ಓದಿದರು: "ಬೆಂಕಿಯನ್ನು ನಂದಿಸು ಎಂಬ ಅರ್ಥದಲ್ಲಿ..."

"ಅರ್ಥ ಬರೀಬೇಡಿ" ಅಂದೆ. "ಅಂದದ್ದು ಬರೀರಿ. ಅರ್ಥ ಬರೆದೇ ಇಷ್ಟೆಲ್ಲ ಆದದ್ದು."

ಅವರು ನನ್ನ ಮುಖ ನೋಡಿ, ಹೊಡೆದುಹಾಕಿ, ನಾನು ಅಂದದ್ದನ್ನೇ ಬರೆದರು. ದೊಡ್ಡದು ಮಾಡು. ಚಾಲಕನು ತಾನು ಕೇಳಿಸಿಕೊಂಡಂತೆ ನಡೆದನು. ಅವನೂ ಓದಿ ನೋಡಿದ, ಎರಡು ಸಲ. ನಾನು ಸೈನ್ ಹಾಕಿದೆ.

ಕಾಗದ ಮೇಲಕ್ಕೆ ಹೋಗಿ ಬರೋಕೆ ಒಂದು ತಿಂಗಳಾಯ್ತು. ಅವನ ಲೈಸೆನ್ಸ್ ಬಂತು. ನನ್ನ ಹೆಸರು ಬೋಟಿನ ಪಟ್ಟಿಯಿಂದ ಹೋಯ್ತು. ಬಜ್ಜಿ ಈಗ ದಡದಲ್ಲಿ ಕರೀತೀನಿ, ಪಕ್ಕದಲ್ಲಿ ಒಂದು ದೊಡ್ಡ ಮುಚ್ಚಳ, ಒಂದು ಒದ್ದೆ ಗೋಣಿ ಇಟ್ಟುಕೊಂಡಿರ್ತೀನಿ. ಅವನು ನಮ್ಮ ಬೋಟಿಗೆ ಬರಲಿಲ್ಲ. ಕಚೇರಿಯಿಂದ ಹೊರಗೆ ಬಂದಾಗಲೇ ಹೇಳಿಬಿಟ್ಟಿದ್ದ.

"ಇನ್ನು ನಿಮ್ಮ ಬೋಟಿಗೆ ನಾನು ಬರುದಿಲ್ಲ ಅಮ್ಮ."

"ಬರ್ಬೇಡ. ಕರೆಯೋಕೆ ಬಂದಿಲ್ಲ ನಾನು."

ಮೆಟ್ಟಿಲು ಇಳೀತಾ ಇದ್ದವನು ನಿಂತ. "ಒಂದು ಸಲ ಹೇಳಿ ಅಮ್ಮ. ಅವತ್ತು ಹೇಳ್ಬೇಕಿದ್ದ ಮಾತು. ನಿಮ್ಮ ಬಾಯಲ್ಲಿ ಒಂದು ಸಲ ಕೇಳ್ಬೇಕು ನನಗೆ."

"ಇಂಜಿನ್ ಆಫ್" ಅಂದೆ.

"ಅದಲ್ಲ."

ಮಟಮಟ ಮಧ್ಯಾಹ್ನ. ಕಚೇರಿ ಮುಂದೆ ಜನ, ಜೆರಾಕ್ಸ್ ಅಂಗಡಿ, ಎಳನೀರಿನ ಗಾಡಿ. ಮೂರು ದಿನ ಮಾತು ಬಿಟ್ಟಿದ್ದ ಅತ್ತೆ ಸತ್ತು ಮೂವತ್ತು ವರ್ಷ ಆಗಿದೆ. ಆದರೂ ನಾನು ಹಿಂದೆ ತಿರುಗಿ ನೋಡಿದೆ. ಆಮೇಲೆ ಅಂದೆ.

"ಆರ್ಸು."

"ಎಂತ?" ಅಂದ. ಬೇಕಂತ ಕೇಳಿದ್ದಲ್ಲ. ಅದು ಅವನಿಗೆ ಅಂಟಿಹೋದ ರೋಗ. ಅಂಟಿಸಿದವಳು ನಾನು.

"ಆರ್ಸು ಅಂದೆ ಕಣಪ್ಪಾ! ಬೆಂಕಿ ಆರ್ಸು!" ಅಂತ ಬೋಟಿನ ಈ ತುದಿಯಿಂದ ಆ ತುದಿಗೆ ಕೇಳೋ ಹಾಗೆ ಕೂಗಿದೆ. ಎಳನೀರಿನವನು ಮಚ್ಚು ಕೆಳಗಿಟ್ಟು ಎಲ್ಲಿ ಬೆಂಕಿ ಅಂತ ಎದ್ದು ನಿಂತ. ಜೆರಾಕ್ಸ್ ಅಂಗಡಿಯಿಂದ ಇಬ್ಬರು ಓಡಿ ಬಂದರು.

"ಕೇಳ್ತು ಅಮ್ಮ" ಅಂದ ಅವನು.